ಯಂತ್ರಗರಗಸದ ಕೆತ್ತನೆ: ಒಂದು ಹವ್ಯಾಸ, ಅದರ ಹಿಂದಿನ ಮಾರುಕಟ್ಟೆ

ಮರ ಕಡಿಯುವ ಯಂತ್ರದಿಂದಲೇ ಕರಡಿ, ಹದ್ದು, ಮೀನುಗಾರರ ಆಕೃತಿಗಳನ್ನು ಕೆತ್ತುವ ಹವ್ಯಾಸವು ಅಮೆರಿಕದಲ್ಲಿ ಬೆಳೆದು, ತನ್ನ ಸುತ್ತ ಒಂದು ಸಣ್ಣ ಉದ್ಯಮವನ್ನೇ ಕಟ್ಟಿಕೊಂಡಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರ ಕೊಯ್ಯಲು ಬಳಸುವ ಚೈನ್ ಸಾ ಇಲ್ಲಿ ಉಳಿಯ ಸ್ಥಾನದಲ್ಲಿದೆ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ತೋರುವ ಕುಸುರಿಯೊಡನೆ ಇದನ್ನು ಹೋಲಿಸಲಾಗದು; ಇದರ ಸೊಬಗಿರುವುದು ದಪ್ಪ ಗೆರೆಯಲ್ಲಿ ಮತ್ತು ವೇಗದಲ್ಲಿ.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುಚ್ಚಾಲಿತ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ತಯಾರಿಸಿದರು. ಆರಂಭದ ಯಂತ್ರಗಳನ್ನು ನಿಭಾಯಿಸಲು ಇಬ್ಬರು ಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಒಬ್ಬನೇ ಹಿಡಿಯಬಲ್ಲ ಹಗುರ ಯಂತ್ರಗಳು ಬಂದವು. 1950ರ ದಶಕದಲ್ಲಿ ರೇ ಮರ್ಫಿಯಂಥವರು ಕೆತ್ತನೆಗೆ ಕೈಹಾಕಿದರು.

ಹವ್ಯಾಸಿಗಳು ಮೊದಲು ಅರಿಯಬೇಕಾದುದು ಯಂತ್ರದ 'ಒದೆತ'ವನ್ನು. ಸರಪಳಿ ಸುತ್ತುವ ಉಕ್ಕಿನ ಪಟ್ಟಿಗೆ ಬಾರ್ ಎಂದು ಹೆಸರು. ಅದರ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಹಲ್ಲು ಸಿಕ್ಕಿಕೊಂಡು, ಇಡೀ ಬಾರ್ ಕ್ಷಣಾರ್ಧದಲ್ಲಿ ಕೆತ್ತುವವನ ಮುಖದತ್ತ ಚಿಮ್ಮುತ್ತದೆ. ಮರ ಕಡಿಯುವವನು ತುದಿಯನ್ನು ತಾಗಿಸದೆ ಕೆಲಸ ಮುಗಿಸಬಹುದು; ಕೆತ್ತುವವನಿಗೆ ತುದಿಯೇ ಲೇಖನಿ. ಆದ್ದರಿಂದ ಕೆತ್ತನೆಯ ಬಾರ್‌ಗೆ ನಾಣ್ಯದಷ್ಟು ಕಿರಿದಾದ ತುದಿಯಿರುತ್ತದೆ. ಅಮೆರಿಕದ ಡೈಮ್ ಮತ್ತು ಕ್ವಾರ್ಟರ್ ನಾಣ್ಯಗಳ ಹೆಸರಿನಲ್ಲೇ ಇವು ಮಾರಾಟವಾಗುತ್ತವೆ. ಆ ನಾಣ್ಯಗಳ ವ್ಯಾಸ ಸುಮಾರು 18 ಮತ್ತು 24 ಮಿ.ಮೀ. ತುದಿ ಕಿರಿದಾದಷ್ಟೂ ಒದೆತದ ಸಾಧ್ಯತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಇಷ್ಟು ಸಣ್ಣ ತುದಿಯಲ್ಲಿ ತಿರುಗುವ ಹಲ್ಲುಚಕ್ರಕ್ಕೆ ಜಾಗವಿಲ್ಲ. ಸರಪಳಿ ಗಟ್ಟಿ ಲೋಹದ ಮೇಲೆಯೇ ಉಜ್ಜಿಕೊಂಡು ಓಡಿ ಬಿಸಿಯೇರುತ್ತದೆ. ಎಣ್ಣೆ ಕಡಿಮೆಯಾದರೆ ಬಾರ್, ಸರಪಳಿ ಎರಡೂ ಬೇಗ ಸವೆಯುತ್ತವೆ. ಯಂತ್ರ ಒಮ್ಮೆ ಮಾರಾಟವಾಗುವ ಸರಕು; ಸರಪಳಿ, ಬಾರ್, ಅರ, ಎಣ್ಣೆಗಳು ಮರಳಿ ಮರಳಿ ಬೇಕಾಗುವಂಥವು. ಬಿಡಿಭಾಗ ತಯಾರಕರಿಗೆ ಈ ಹವ್ಯಾಸ ಲಾಭ ತಂದುದು ಇಲ್ಲಿಯೇ.

ರಕ್ಷಣಾ ಉಡುಪಿನದೂ ಇಂಥದೇ ಮಾರುಕಟ್ಟೆ. ಕಾಲಿನ ಕವಚದೊಳಗೆ ಉದ್ದನೆಯ ನೂಲಿನ ಹಲವು ಪದರಗಳಿರುತ್ತವೆ. ಸರಪಳಿ ಬಟ್ಟೆಯನ್ನು ಕಚ್ಚಿದೊಡನೆ ನೂಲುಗಳು ಹೊರಬಂದು ಚಾಲಕ ಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಸರಪಳಿಯ ವೇಗ ಸೆಕೆಂಡಿಗೆ 20, 24 ಅಥವಾ 28 ಮೀಟರ್ ಎಂಬ ಆಧಾರದ ಮೇಲೆ ಇವುಗಳಿಗೆ ಅಂತರರಾಷ್ಟ್ರೀಯ ದರ್ಜೆಗಳಿವೆ. ವಿದ್ಯುತ್ ಹಾಗೂ ಬ್ಯಾಟರಿ ಗರಗಸಗಳ ಎಳೆತದ ಬಲ ಬೇರೆಯಾದುದರಿಂದ ಅವುಗಳ ಮುಂದೆ ಇದೇ ಕವಚವನ್ನು ಪೂರ್ತಿ ನೆಚ್ಚಲಾಗದು. ಯಂತ್ರಕ್ಕೆ ಧಾರಾಳವಾಗಿ ಖರ್ಚು ಮಾಡಿ, ಕವಚ, ಮುಖಪರದೆ, ಕಿವಿರಕ್ಷಕಗಳನ್ನು ಮುಂದಿನ ತಿಂಗಳಿಗೆ ದೂಡುವ ಹವ್ಯಾಸಿಗಳು ಕ್ರಮವನ್ನು ತಲೆಕೆಳಗು ಮಾಡಿದ್ದಾರೆಂದೇ ಹೇಳಬೇಕು.

ಮರದ ಆಯ್ಕೆಯಲ್ಲಿ ಮೃದುವಾದ ಬಿಳಿ ಪೈನ್ ಮತ್ತು ಬೇಗ ಕೊಳೆಯದ ಕೆಂಪು ಸೀಡರ್‌ಗೆ ಆದ್ಯತೆಯಿದೆ. ಇಡೀ ದಿಮ್ಮಿಯು ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಹೆಚ್ಚು ಕುಗ್ಗುವುದರಿಂದ ಬಿರುಕು ಬಹುಮಟ್ಟಿಗೆ ತಪ್ಪಿದ್ದಲ್ಲ. ಅನುಭವಿಗಳು ಆಕೃತಿಯ ಬೆನ್ನಿನಲ್ಲಿ ತಿರುಳಿನವರೆಗೆ ಒಂದು ಸೀಳು ಕೊಟ್ಟು, ಬಿರುಕು ಮುಖದ ಬದಲು ಅಲ್ಲಿಯೇ ಬಾಯ್ದೆರೆಯುವಂತೆ ಮಾಡುತ್ತಾರೆ. ಬಳಿಕ ಗ್ಯಾಸ್ ಜ್ವಾಲೆಯಿಂದ ಗೆರೆಗಳನ್ನು ಕಪ್ಪಾಗಿಸಿ ಎಣ್ಣೆ ಹಚ್ಚುವುದು ರೂಢಿ.

ಬೇಡಿಕೆ ಕೆಲವೊಮ್ಮೆ ವಿಪತ್ತಿನಿಂದಲೂ ಬಂದಿದೆ. 2005ರ ಕತ್ರಿನಾ ಚಂಡಮಾರುತದ ನಂತರ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ, 2008ರ ಐಕ್ ಚಂಡಮಾರುತದ ನಂತರ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ, ಸತ್ತು ನಿಂತ ಓಕ್ ಮರಗಳು ಶಿಲ್ಪಗಳಾದವು. ಅವನ್ನು ನೋಡಲು ಪ್ರವಾಸಿಗರೂ ಬಂದರು.

ಹವ್ಯಾಸಿಯು ವ್ಯಾಪಾರಿಯಾಗುವಾಗ ಎಡವುವುದು ಬೆಲೆ ಕಟ್ಟುವಲ್ಲಿ. ಪ್ರದರ್ಶನಗಳಲ್ಲಿ ಗಂಟೆಯೊಳಗೆ ಕೆತ್ತಿದ ವಸ್ತು ಹರಾಜಾಗುವುದನ್ನು ಕಂಡವರು ಗಂಟೆಯ ಕೂಲಿಗೆ ದಿಮ್ಮಿಯ ಬೆಲೆ ಸೇರಿಸಿ ಲೆಕ್ಕ ಮುಗಿಸುತ್ತಾರೆ. ಸವೆದ ಸರಪಳಿ, ಇಂಧನ, ಹಲ್ಲು ಮಸೆಯುವ ಸಮಯ, ಸಾಗಣೆ, ಬಿರುಕು ಬಿಟ್ಟು ಹಿಂದಿರುಗುವ ಸರಕು ಇವೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಇದನ್ನು ಕರ್ನಾಟಕದಲ್ಲಿ ಪ್ರಯತ್ನಿಸುವವರಿಗೆ ಇನ್ನೊಂದು ಬಾಬ್ತು ಇದೆ: ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಜಮೀನಿನ ಮರ ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಅಗತ್ಯ. ಸಾಮಿಲ್‌ನಿಂದ ರಸೀದಿ ಸಹಿತ ದಿಮ್ಮಿ ಕೊಳ್ಳುವುದೇ ಆರಂಭಕ್ಕೆ ಸುಲಭ ಮಾರ್ಗ.