ಮನೆ-ಮಕ್ಕಳ ನಡುವೆ ತೂಕ ಇಳಿಸುವುದು ಹೇಗೆ?

ತೂಕ ಇಳಿಸಬೇಕೆಂದು ಬರುವ ತಂದೆ-ತಾಯಂದಿರಿಗೆ "ದಿನಕ್ಕೆ ಅರ್ಧ ಗಂಟೆ ನಡೆಯಿರಿ" ಎಂದರೆ ಸಾಮಾನ್ಯವಾಗಿ ಬರುವ ಉತ್ತರ: "ಪುರುಸೊತ್ತು ಎಲ್ಲಿದೆ ಡಾಕ್ಟ್ರೇ?" ಈ ಮಾತು ಸುಳ್ಳಲ್ಲ. ಬೆಳಿಗ್ಗೆ ಮಕ್ಕಳ ಬುತ್ತಿ, ಶಾಲೆಯ ಬಸ್ಸು; ಸಂಜೆ ಮನೆಪಾಠ; ನಡುವೆ ಮಣಿಪಾಲದ ಆಫೀಸೋ, ಕಾರ್ಕಳದ ಅಂಗಡಿಯೋ. ಇಂಥವರು ತಮಗೊಂದು ಪ್ರತ್ಯೇಕ ಪಥ್ಯದ ಅಡುಗೆ, ಪ್ರತ್ಯೇಕ ವ್ಯಾಯಾಮದ ವೇಳೆ ಎಂದು ಹೊರಟರೆ ಎರಡು ವಾರವೂ ನಡೆಯುವುದಿಲ್ಲ. ಮನೆಯ ದಿನಚರಿಯೊಳಗೆ ಸೇರಿಹೋಗುವ ಬದಲಾವಣೆ ಮಾತ್ರ ಉಳಿಯುತ್ತದೆ.

ಎಷ್ಟು ಇಳಿಸಬೇಕು?

ಹೊಟ್ಟೆಯ ಸುತ್ತಳತೆ ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಸಂಭವ ಹೆಚ್ಚು. ಹಾಗೆಂದು ಮದುವೆಯ ಕಾಲದ ತೂಕಕ್ಕೇ ಮರಳಬೇಕೆಂಬ ಹಟ ಬೇಡ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ತೂಕದ ಶೇ. 7ರಷ್ಟನ್ನು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಡಲಾಯಿತು. ಸುಮಾರು ಮೂರು ವರ್ಷಗಳಲ್ಲಿ ಇವರಲ್ಲಿ ಕಾಯಿಲೆ ಬರುವ ಪ್ರಮಾಣ ಉಳಿದವರಿಗಿಂತ ಶೇ. 58ರಷ್ಟು ಕಡಿಮೆಯಾಯಿತು. 70 ಕಿಲೋ ಇರುವವರಿಗೆ ಶೇ. 7 ಎಂದರೆ ಸುಮಾರು 5 ಕಿಲೋ ಮಾತ್ರ. ವಾರಕ್ಕೆ ಅರ್ಧ ಕಿಲೋ ಇಳಿದರೂ ಧಾರಾಳವಾಯಿತು.

ಅಡುಗೆ ಒಂದೇ, ಅಳತೆ ಬೇರೆ

ನಮ್ಮ ಊರಿನ ಅಡುಗೆಯನ್ನು ದೂರಬೇಕಿಲ್ಲ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ, ಹರಿವೆ, ಅಲಸಂಡೆ, ಬಂಗುಡೆ, ಬೂತಾಯಿ ಎಲ್ಲವೂ ಒಳ್ಳೆಯವೇ. ಮನೆಮಂದಿಗೆಲ್ಲ ಒಂದೇ ಅಡುಗೆ ಮಾಡಿ. ನಿಮ್ಮ ತಟ್ಟೆಯಲ್ಲಿ ಮಾತ್ರ ಅರ್ಧ ಭಾಗ ತರಕಾರಿ, ಕಾಲು ಭಾಗ ಅನ್ನ, ಉಳಿದ ಕಾಲು ಭಾಗ ಬೇಳೆ, ಕಾಳು ಅಥವಾ ಮೀನು ಇರಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಆದ್ದರಿಂದ ಮೀನು ಕರಿಯುವ ಬದಲು ಪುಳಿಮುಂಚಿ ಮಾಡಿ.

ಮಕ್ಕಳು ಬಿಟ್ಟ ಅರ್ಧ ದೋಸೆ, ಎರಡು ತುತ್ತು ತುಪ್ಪದ ಅನ್ನ "ಹಾಳಾಗಬಾರದು" ಎಂದು ಅಮ್ಮನ ಹೊಟ್ಟೆ ಸೇರುತ್ತದೆ. ಇದು ಯಾರ ಲೆಕ್ಕಕ್ಕೂ ಬಾರದ ಊಟ. ಮಕ್ಕಳಿಗೆ ಮೊದಲು ಸ್ವಲ್ಪವೇ ಬಡಿಸಿ, ಬೇಕಾದರೆ ಮತ್ತೆ ಕೇಳಲಿ. ಇನ್ನು ಕೆಲವರು ಬೆಳಗ್ಗಿನ ತಿಂಡಿ ಬಿಟ್ಟು, ಸಂಜೆ ಹಸಿವು ತಡೆಯದೆ ಗೋಳಿಬಜೆ, ಬನ್ಸ್ ಮೇಲೆ ಕೈಯಿಡುತ್ತಾರೆ. ಮಕ್ಕಳ ಜೊತೆಗೇ ಕುಳಿತು ತಿಂಡಿ ತಿನ್ನಿ. ಸಂಜೆಗೆ ಕಡಲೆ ಉಸಲಿ ಅಥವಾ ಹಣ್ಣು ಇರಲಿ.

ನಡಿಗೆ ಜೊತೆಯಾಗಿ

ಅರ್ಧ ಗಂಟೆ ಒಟ್ಟಿಗೇ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಬಾರಿ ಚುರುಕಾಗಿ ನಡೆಯಿರಿ. ರವಿವಾರ ಮಕ್ಕಳೊಂದಿಗೆ ಕಾಪು ದೀಪಸ್ತಂಭದ ಬಳಿಯ ಕಡಲ ತೀರ, ಮಣಿಪಾಲದ ಎಂಡ್ ಪಾಯಿಂಟ್, ಕಾರ್ಕಳದ ಗೊಮ್ಮಟ ಬೆಟ್ಟ, ಉಡುಪಿಯ ಅಜ್ಜರಕಾಡು ಎಲ್ಲಿಗಾದರೂ ಹೋಗಿ. ಮರಳುವಾಗ ಗಡ್‌ಬಡ್ ಐಸ್‌ಕ್ರೀಂ ತಿಂದರೆ ನಡೆದದ್ದಕ್ಕೂ ತಿಂದದ್ದಕ್ಕೂ ಸರಿಹೋಯಿತು! ಮಳೆಗಾಲದಲ್ಲಿ ಚಾವಡಿಯಲ್ಲೇ ನಡೆಯಬಹುದು. ಹೆಂಡತಿ ನಡೆಯುವ ಹೊತ್ತು ಮಕ್ಕಳನ್ನು ಗಂಡ ನೋಡಿಕೊಳ್ಳಲಿ. ಈ ಸಹಾಯವಿಲ್ಲದೆ ಡಾಕ್ಟರ ಸಲಹೆ ಚೀಟಿಯಲ್ಲೇ ಉಳಿಯುತ್ತದೆ.

ಎಚ್ಚರಿಕೆಗಳು

ಎದೆಹಾಲು ಕೊಡುವ ತಾಯಂದಿರು ಉಪವಾಸ, ಕಠಿಣ ಪಥ್ಯ ಮಾಡಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಆಯಾಸ, ಮುಟ್ಟಿನ ಏರುಪೇರಿನೊಂದಿಗೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪ್ರಯತ್ನಿಸದೆಯೇ ತೂಕ ಇಳಿದರೆ ಸಂತೋಷಪಡದೆ ತಪಾಸಣೆಗೆ ಬನ್ನಿ.

ಮಕ್ಕಳೆದುರು "ನಾನು ದಪ್ಪ, ನೋಡಲು ಅಸಹ್ಯ" ಎಂದು ಹೇಳಿಕೊಳ್ಳಬೇಡಿ. ಅವರೂ ತಮ್ಮ ಶರೀರವನ್ನು ಹಾಗೆಯೇ ನೋಡಲು ಕಲಿಯುತ್ತಾರೆ. ಬೆಳೆಯುವ ಮಕ್ಕಳಿಗೆ ನಿಮ್ಮ ಪಥ್ಯ ಹೇರುವುದೂ ಬೇಡ.

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ತೂಕ ನೋಡಿಕೊಳ್ಳಿ. ಮದುವೆ ಮನೆಯಲ್ಲಿ ಪಾಯಸ ಉಂಡ ವಾರ ಮುಳ್ಳು ಸ್ವಲ್ಪ ಏರಿದರೆ ಗಾಬರಿ ಬೇಡ; ಮರುದಿನವೇ ಎಂದಿನ ಕ್ರಮಕ್ಕೆ ಮರಳಿ.