ಹಗ್ಗ ಹಿಡಿದವರ ಹೆಸರೇನು?

1781ರಲ್ಲಿ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಕಳವಿನ ಜಾಹೀರಾತು ಬಂದಿತ್ತು. ಕ್ಯಾಪ್ಟನ್ ಲಾ ಎಂಬ ಸಾಹೇಬನ ಸಾಮಾನಿನ ದೋಣಿಯಿಂದ ನಾಯಿ ಮಾಯವಾಗಿದೆ, ಅದನ್ನು ಕಲ್ಕತ್ತೆಗೆ ಕರೆತಂದ ಡೋರಿಯಾನೇ ಕದ್ದೊಯ್ದಿದ್ದಾನೆ ಎಂದು ದೂರು. ಡೋರಿಯಾ ಎಂದರೆ ಸಾಹೇಬರ ನಾಯಿ ನೋಡಿಕೊಳ್ಳುತ್ತಿದ್ದ ಆಳು. ಹಾಬ್ಸನ್-ಜಾಬ್ಸನ್ ಎಂಬ ಹಳೆಯ ನಿಘಂಟು ಈ ತುಣುಕನ್ನು ಉಳಿಸಿಕೊಂಡಿದೆ. ಅದರಲ್ಲಿ ಕ್ಯಾಪ್ಟನ್ ಹೆಸರಿದೆ, ಆಳಿನದಿಲ್ಲ. ನಾಯಿ ಹಿಡಿದು ಬದುಕುತ್ತಿದ್ದವನು ದಾಖಲೆಗೆ ಬಂದದ್ದು ಕಳ್ಳನಾಗಿ!

ಈಗಲೂ ಡಾಗ್ ಶೋ ಕ್ಯಾಟಲಾಗ್ ತೆರೆದರೆ ನಾಯಿಯ ಹೆಸರು, ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಅಪ್ಪ, ಅಮ್ಮ, ಬ್ರೀಡರ್, ಮಾಲೀಕ ಎಲ್ಲ ಸಿಗುತ್ತದೆ. ರಿಂಗಿನೊಳಗೆ ಅದರ ಜೊತೆ ಓಡುವ ಹ್ಯಾಂಡ್ಲರ್‌ಗೆ ಮಾತ್ರ ಸಾಮಾನ್ಯವಾಗಿ ಜಾಗವಿಲ್ಲ.

ಪ್ರದರ್ಶನದ ಚರಿತ್ರೆ ಉದ್ದವಾಗಿದೆ, ಬಹುಪಾಲು ಬೇಸರದ್ದು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲ ವ್ಯವಸ್ಥಿತ ಶೋ ನಡೆಯಿತು. ಪಾಯಿಂಟರ್, ಸೆಟ್ಟರ್ ಎಂಬ ಬೇಟೆ ತಳಿಗಳಿಗಷ್ಟೇ ಪ್ರವೇಶವಿತ್ತು, ಬಹುಮಾನ ಬಂದೂಕು. ಬೇಟೆಗಾರ ತನ್ನ ನಾಯಿಯನ್ನು ತಾನೇ ನಿಲ್ಲಿಸಿದರೆ ಸಾಕಾಗಿದ್ದ ಕಾಲ ಅದು. ಮುಂದೆ ಶೋಗಳು ದೊಡ್ಡವಾದವು, ಮಾಲೀಕರಿಗೆ ಪುರುಸೊತ್ತು ಕಡಿಮೆಯಾಯಿತು, ಬಾಡಿಗೆ ಕೈ ಬೇಕಾಯಿತು. ಅಮೆರಿಕದಲ್ಲಿ ಆ ಕೈಗೆ ಮರ್ಯಾದೆಯೂ ಸಿಕ್ಕಿತು. ಲಿಯೊನಾರ್ಡ್ ಬ್ರಂಬಿ ಎಂಬ ಹ್ಯಾಂಡ್ಲರ್ 1930ರ ದಶಕದ ಆರಂಭದಲ್ಲಿ ಮಕ್ಕಳಿಗೆಂದೇ ಒಂದು ವಿಭಾಗ ಶುರು ಮಾಡಿಸಿದ. ಅಲ್ಲಿ ನೋಡುವುದು ನಾಯಿಯನ್ನಲ್ಲ, ಹಗ್ಗ ಹಿಡಿದ ಮಗುವನ್ನು. ಬ್ರಂಬಿಯ ಹೆಸರಿನ ಟ್ರೋಫಿಯೂ ಇದೆ. ಪರ್ಸಿ ರಾಬರ್ಟ್ಸ್ ಎಂಬ ಹ್ಯಾಂಡ್ಲರ್ ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಶೋನಲ್ಲಿ ನಾಯಿಗಳಿಗೆ ನಾಲ್ಕು ಸಲ ಅತ್ಯುನ್ನತ ಪ್ರಶಸ್ತಿ ಗೆಲ್ಲಿಸಿ, 1967ರಲ್ಲಿ ಅದೇ ಪ್ರಶಸ್ತಿಯ ತೀರ್ಪುಗಾರನಾಗಿ ಕೂತ.

ನಮ್ಮಲ್ಲಿ? ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿಯಿದ್ದ ಬೇಟೆ ನಾಯಿಗಳನ್ನು ಮೆಚ್ಚಿ ಸಾಕಿ ಬೆಳೆಸಿದರು, ಇಂಗ್ಲೆಂಡಿಗೆ ಹೋದಾಗ ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು ಎಂದು ಅಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಹಡಗಿನದೇ ಯೋಚನೆ. ಅಷ್ಟು ದಿನ ಸಮುದ್ರದ ಮೇಲೆ ಆ ನಾಯಿಗಳಿಗೆ ಉಣಿಸಿದವರು, ದೊರೆಯ ಮುಂದೆ ಅಲುಗದಂತೆ ನಿಲ್ಲಿಸಿದವರು ಯಾರು? ಕಥೆ ರಾಜನಿಂದ ದೊರೆಗೆ ನೇರ ಹಾರುತ್ತದೆ, ನಡುವಿನವನನ್ನು ನುಂಗಿಬಿಡುತ್ತದೆ. 2005ರಲ್ಲಿ ಮುಧೋಳ ನಾಯಿಗೆ ಅಂಚೆಚೀಟಿ ಬಂತು, ಆಮೇಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಎದ್ದಿತು. ಕೆನಲ್ ಕ್ಲಬ್ ಆಫ್ ಇಂಡಿಯಾ ಮಾತ್ರ ಈ ನಾಯಿಯನ್ನು ಕ್ಯಾರವಾನ್ ಹೌಂಡ್ ಎಂದೇ ನೋಂದಾಯಿಸುತ್ತದೆ. ಊರಿನ ಹೆಸರನ್ನೇ ಬಿಟ್ಟವರು ಆಳಿನ ಹೆಸರು ಬರೆದಾರೆಯೇ!

ಹ್ಯಾಂಡ್ಲರ್‌ನ ಕೈಚಳಕ ಬಯಲಾಗುವುದೂ ಈ ತಳಿಯಲ್ಲೇ. ಲ್ಯಾಬ್ರಡಾರ್ ಯಾರು ಮುಟ್ಟಿದರೂ ಬಾಲ ಅಲ್ಲಾಡಿಸುತ್ತದೆ. ಮುಧೋಳಕ್ಕೆ ಪರರ ಕೈ ಆಗದು. ಆದರೆ ಜಡ್ಜ್ ತುಟಿ ಎತ್ತಿ ಹಲ್ಲು ನೋಡಬೇಕು, ಎದೆಗೂಡು ತಡವಬೇಕು, ಗಂಡಾದರೆ ಬೀಜ ಮುಟ್ಟಿ ನೋಡಬೇಕು. ಆ ಅರ್ಧ ನಿಮಿಷಕ್ಕಾಗಿ ತಿಂಗಳುಗಟ್ಟಲೆ ಕೆಲಸ.

ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಬೆಳಗಿನ ಜಾವ, ಬೈಕು ಕಾರುಗಳ ಕಾಟ ಶುರುವಾಗುವ ಮುಂಚೆ, ಒಬ್ಬ ಹುಡುಗ ಬೇರೆಯವರ ಮುಧೋಳವೊಂದನ್ನು ಪಳಗಿಸುತ್ತಾನೆ. ತೆಳ್ಳನೆ ಹಗ್ಗ ಕಿವಿಯ ಹಿಂದೆ, ಕತ್ತಿನ ಮೇಲ್ತುದಿಯಲ್ಲಿ ಕೂತಿರುತ್ತದೆ. ಎಡಗೈಯಲ್ಲಿ ಹಗ್ಗ, ಬಲ ಜೇಬಿನಲ್ಲಿ ಬೇಯಿಸಿದ ಲಿವರ್ ಚೂರು. ಮುಂಗಾಲು ಭುಜದ ನೇರಕ್ಕೆ, ಹಿಂಗಾಲು ಒಂದಿಷ್ಟು ಹಿಂದಕ್ಕೆ. ಆಮೇಲೆ ಓಟ. ನಾಯಿ ನಾಗಾಲೋಟಕ್ಕೆ ಬಿದ್ದರೆ ಕೆಟ್ಟಿತು, ನಡಿಗೆ ಗೊತ್ತಾಗುವುದು ಟ್ರಾಟ್ ಎಂಬ ಹದವಾದ ಓಟದಲ್ಲಿ. ಜಡ್ಜ್‌ಗೂ ನಾಯಿಗೂ ನಡುವೆ ತನ್ನ ಕಾಲು ಅಡ್ಡ ಬರಬಾರದು ಎಂದು ತಿರುವಿನಲ್ಲಿ ಹಗ್ಗವನ್ನು ಇನ್ನೊಂದು ಕೈಗೆ ದಾಟಿಸುತ್ತಾನೆ. ಕೈ ಬದಲಾದದ್ದು ನಾಯಿಗೇ ತಿಳಿಯುವುದಿಲ್ಲ.

“ನಂಗೆ ಟೆನ್ಶನ್ ಆದ್ರೆ ಹಗ್ಗದಲ್ಲೇ ಅದಕ್ಕೆ ಗೊತ್ತಾಗುತ್ತೆ ಅಂಕಲ್,” ಎಂದ ಒಮ್ಮೆ. ಅರಮನೆ ಮೈದಾನದ ಶೋನಲ್ಲಿ ಒಳ್ಳೊಳ್ಳೆ ನಾಯಿಗಳು ಮಾಲೀಕರ ನಡುಕಕ್ಕೇ ಬಾಲ ಮುದುಡುವುದನ್ನು ನಾನೂ ಕಂಡಿದ್ದೇನೆ. ಮಾಲೀಕ ಗೆಲುವು ನೋಡುತ್ತಾನೆ, ಹ್ಯಾಂಡ್ಲರ್ ನಾಯಿಯ ಕಿವಿ ನೋಡುತ್ತಾನೆ. ಕಪ್ ಮಾತ್ರ ಮಾಲೀಕರ ಶೋಕೇಸಿಗೆ ಹೋಗುತ್ತದೆ.

ಪರರ ಕೈ ರೂಢಿಯಾಗಲೆಂದು ಹುಡುಗ ಹಾಲಿನವನು, ಇಸ್ತ್ರಿಯವನು, ಹೂವಿನ ಅಜ್ಜಿ, ಆಟೋದವರು ಎಲ್ಲರ ಕೈಲೂ ನಾಯಿಯ ಬೆನ್ನು ಮುಟ್ಟಿಸಿದ್ದಾನೆ. ಹೂವಿನ ಅಜ್ಜಿಗೆ ಹಲ್ಲು ನೋಡುವುದೂ ಬಂದಿದೆ. ಮೊನ್ನೆ ನನ್ನನ್ನು ತಡೆದು ನಿಲ್ಲಿಸಿದ.

“ಅಂಕಲ್, ಈ ಸಲ ಫಾರಿನ್ ಜಡ್ಜ್ ಬರ್ತಾರಂತೆ. ಇದು ಹ್ಯಾಟ್ ನೋಡಿದ್ರೆ ಗುರ್ ಅನ್ನುತ್ತೆ. ನಾಳೆಯಿಂದ ಒಂದು ಹ್ಯಾಟ್ ಹಾಕ್ಕೊಂಡು ವಾಕಿಂಗ್ ಬರ್ತೀರಾ?”