ಗಂಜಾಮಿನ ‘ದೊಡ್ಡ ಸ್ವಾಮಿಯೋರು’

ಹಾಲಿನ ಡೇರಿಯ ಗೆಜ್ಜಲಗೆರೆಯಲ್ಲಿ ಮೈಸೂರು ಬಸ್ಸು ಹತ್ತಿದೋರು ಶ್ರೀರಂಗಪಟ್ಟಣದ ಕೋಟೆ ನೋಡ್ತಾರೆ, ಮುಂದಕ್ಕೆ ಹೋಗ್ತಾರೆ. ಪಟ್ಟಣದಲ್ಲಿಳಿದು ಸಂಗಮದ ದಾರಿ ಹಿಡಿದರೆ ಗಂಜಾಂ. ಅಲ್ಲೊಂದು ಹಳೇ ಚರ್ಚಿದೆ. ಅದರ ಹಿಂದೆ ಕಣ್ಣೀರಿನ ಕತೆಯೂ ಇದೆ.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ ಪಟ್ಟಣಕ್ಕೆ ತರಿಸಿದ. ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೇ ಜಗಳ. ಸಾವಿರಗಟ್ಟಲೆ ಎಂಬುದಕ್ಕೆ ತಕರಾರಿಲ್ಲ. ಪಾದ್ರಿಗಳನ್ನು ಗಡಿಯಾಚೆ ಅಟ್ಟಿಯಾಗಿತ್ತು. ದಾರೀಲೇ ಸತ್ತವರೆಷ್ಟೋ, ಬಲವಂತಕ್ಕೆ ಮತ ಬಿಟ್ಟವರೆಷ್ಟೋ. 15 ವರ್ಷ ಹೀಗೇ ಕಳೆಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಬದುಕುಳಿದ ಬಹಳ ಮಂದಿ ಮಂಗಳೂರ ಕಡೆ ಹೊರಟರು. ಹೋದಲ್ಲಿ ಮತ್ತೆ ಚರ್ಚು ಕಟ್ಟಿಕೊಂಡರು. ಅಷ್ಟು ವರ್ಷ ಎದೆಯೊಳಗೆ ಇಟ್ಟುಕೊಂಡಿದ್ದು ಏನನ್ನ ಅಂತ ಬೇರೆ ಹೇಳಬೇಕಾ?

ಇಲ್ಲಿಯ ಚೆದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಆಗಲೇ ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ನಮ್ಮವರ ಉಡುಪು, ನಮ್ಮವರ ಊಟ. ಜನ ‘ದೊಡ್ಡ ಸ್ವಾಮಿಯೋರು’ ಅಂದರು. ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂರೋ ಆಸಾಮಿಯಲ್ಲ. ಸಿಡುಬು ಊರೂರು ಬಳಿಯುತ್ತಿದ್ದ ಕಾಲ. 1803-04ರಲ್ಲಿ ಅವರ ದೆಸೆಯಿಂದ ದೇವಿ ಹಾಕಿಸಿಕೊಂಡವರು 25 ಸಾವಿರಕ್ಕೂ ಮಿಕ್ಕಿ. ಸೂಜಿಗೆ ಜಾತಿ ಗೊತ್ತಿರಲಿಲ್ಲ.

1823ರಲ್ಲಿ ಫ್ರಾನ್ಸಿಗೆ ಮರಳಿದವರು ಮತ್ತೆ ಬರಲಿಲ್ಲ. ಗಂಜಾಮಿನ ಚರ್ಚು ಅವರ ಹೆಸರಲ್ಲೇ ಉಳಿದಿದೆ.